ಮಷಿನ್ ಇಲ್ಲದೆ, ಕೈಯಲ್ಲೇ ಮೊದಲ ಡ್ರೆಸ್: ಬಟ್ಟೆ ತರೋದರಿಂದ ಹೆಮ್ಮಿಂಗ್‌ವರೆಗೆ

ನಾನು ಕೈಯಲ್ಲೇ ಹೊಲಿದ ಮೊದಲ ಡ್ರೆಸ್ ಹರಿದಿದ್ದು ಕಂಕುಳಲ್ಲಿ. ಹಾಕಿಕೊಂಡ ಮೂರನೇ ದಿನ, ಅಟ್ಟದ ಮೇಲಿದ್ದ ಹಪ್ಪಳದ ಡಬ್ಬ ಇಳಿಸೋಣ ಅಂತ ಕೈ ಎತ್ತಿದೆ. ಚರ್ ಅಂತ ಸದ್ದಾಯಿತು. ಬಿಚ್ಚಿ ನೋಡಿದರೆ ಕೆಳ ಅಂಚು ಮಡಚಿ ಹೊಲಿದ ಹೆಮ್ಮಿಂಗ್ ಒಂಚೂರೂ ಅಲುಗಿರಲಿಲ್ಲ. ಅಲ್ಲಿ ನಾಲ್ಕು ಸಂಜೆ ಕೂತು ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ ಹಾಕಿದ್ದೆ. ಕಂಕುಳಿಗೆ ಬರೋ ಹೊತ್ತಿಗೆ ಸುಸ್ತಾಗಿ, ಉದ್ದುದ್ದ ಹೊಲಿಗೆ ಎಳೆದು ಮುಗಿಸಿಬಿಟ್ಟಿದ್ದೆ. ಅಮ್ಮಮ್ಮ ಹರಿದ ಜಾಗವನ್ನು ಬೆರಳಲ್ಲಿ ಸವರಿ, "ಕೂಸೇ, ಇಲ್ಲಿ ಎಂತಕ್ಕೆ ಗಡಿಬಿಡಿ ಮಾಡ್ದೆ? ಹರಿಯದು ಇಲ್ಲೇ" ಅಂದಳು.

ಆಮೇಲೆ ನಾನು ಹೊಲಿಯೋ ರೀತಿಯೇ ಬೇರೆಯಾಯಿತು. ಇಡೀ ಡ್ರೆಸ್‌ಗೆ ಒಂದೇ ಥರ ಸಣ್ಣ ಹೊಲಿಗೆ ಹಾಕುತ್ತಾ ಕೂತರೆ, ನಿಜವಾಗಿ ಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ಕೈಯೂ ಸೋತಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಎಲ್ಲಿ ಬಟ್ಟೆ ಎಳೆತಕ್ಕೆ ಸಿಗುತ್ತದೆ, ಎಲ್ಲಿ ಸುಮ್ನೆ ಜೋತಾಡಿಕೊಂಡಿರುತ್ತದೆ ಅಂತ ಮೊದಲು ತಿಳಿದುಕೊಳ್ಳಬೇಕು. ಎಳೆತ ಬೀಳೋ ಕಡೆ ಗಟ್ಟಿ ಹೊಲಿಗೆ, ಉಳಿದ ಕಡೆ ಹಗುರ ಹೊಲಿಗೆ. ಕೆಳಗೆ ಹೇಳೋ ಕ್ರಮ ಪೂರ್ತಿ ಇದರ ಮೇಲೇ ನಿಂತಿದೆ.

ನಾನು ಶಿರಸಿ ಹತ್ತಿರದ ಹಳ್ಳಿಯವಳು, ಮದುವೆಯಾದ ಮೇಲೆ ಕಾರವಾರದಲ್ಲಿದ್ದೇನೆ. ಹೊಲಿಗೆ ಕ್ಲಾಸಿಗೆ ಹೋದವಳಲ್ಲ. 2 ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಶಿರಸಿಯಲ್ಲಿ ಟೈಲರ್‌ಗಳಿಗೆ ಪುರುಸೊತ್ತು ಎಲ್ಲಿರುತ್ತದೆ? ಒಂದು ಜಾತ್ರೆಗೆ ಬಟ್ಟೆ ಕೊಡೋದು ತಡವಾಯಿತು, ಮನೆಯಲ್ಲಿ ಮಷಿನ್ ಇರಲಿಲ್ಲ, ಹಾಗೆ ಸೂಜಿ ಹಿಡಿದೆ. ಕೈ ಹೊಲಿಗೆ ನಿಲ್ಲುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಎಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಸಿಂಗರ್ ಮಷಿನ್ ಬಂದದ್ದು 1851ರಲ್ಲಿ. ಅದಕ್ಕೂ ಮೊದಲು ಜಗತ್ತಿನಲ್ಲಿ ಹೊಲಿದ ಬಟ್ಟೆ ಹೆಚ್ಚುಕಡಿಮೆ ಎಲ್ಲ ಕೈಯಲ್ಲೇ ಹೊಲಿದದ್ದು. ಹೊಲ ಗದ್ದೆಗೆ, ದೋಣಿಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದರು.

ಯಾವ ಡ್ರೆಸ್ ಹೊಲಿಯೋದು

ಮೊದಲ ಸಲಕ್ಕೆ ನಾನು ಹೇಳೋದು ಇದು: ಮೊಳಕಾಲು ಮುಚ್ಚುವಷ್ಟು ಉದ್ದದ, ಸೊಂಟದಲ್ಲಿ ನೆರಿಗೆ ಇರೋ, ತಲೆ ಮೇಲಿಂದ ಹಾಕಿಕೊಳ್ಳೋ ಸಡಿಲ ಡ್ರೆಸ್. ಜಿಪ್ ಬೇಡ, ಹುಕ್ ಬೇಡ, ಕಾಜಾ ಬೇಡ. ತೋಳನ್ನು ಬೇರೆಯಾಗಿ ಕತ್ತರಿಸಿ ಜೋಡಿಸೋದೂ ಬೇಡ, ಭುಜದ ಬಟ್ಟೆಯೇ ಮುಂದುವರಿದು ಗಿಡ್ಡ ತೋಳಾಗುತ್ತದೆ. ಸಡಿಲ ಹೆಚ್ಚಾದರೆ ಹಿಂದೆ ಕಟ್ಟಿಕೊಳ್ಳೋಕೆ ಎರಡು ಪಟ್ಟಿ. ಹೀಗೆ ಮಾಡಿದರೆ ಹೊಲಿಗೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಕಷ್ಟದ ಜಾಗ ಅಂತ ಉಳಿಯೋದು ಮೂರೇ: ಕಂಕುಳು, ಕುತ್ತಿಗೆ, ಸೊಂಟ.

ನನಗೆ ಇದಕ್ಕೆ ದಿನಕ್ಕೆ 2 ತಾಸಿನ ಹಾಗೆ 12 ದಿನ ಹಿಡಿಯಿತು. ಎರಡನೇ ಡ್ರೆಸ್ 8 ದಿನಕ್ಕೆ ಮುಗಿಯಿತು. ಒಂದೇ ವಾರಾಂತ್ಯದಲ್ಲಿ ಮುಗಿಸೋ ಆಸೆ ಇಟ್ಟುಕೊಳ್ಳಬೇಡಿ.

ಬಟ್ಟೆ

ಹತ್ತಿ ಬಟ್ಟೆಯೇ ಬೇಕು. ಕ್ಯಾಂಬ್ರಿಕ್ ಅಥವಾ ಪಾಪ್ಲಿನ್ ಕೇಳಿ. ನೇಯ್ಗೆ ಒತ್ತಾಗಿರುತ್ತದೆ, ಜಾರೋದಿಲ್ಲ, ಸೂಜಿ ಸಲೀಸಾಗಿ ಹೋಗುತ್ತದೆ. ಕರಾವಳಿಯ ಸೆಖೆಗೆ ತೆಳು ಮಲ್ ಬಟ್ಟೆ ಹಿತ ಅನ್ನೋದು ಸರಿ, ಆದರೆ ಅದು ಕತ್ತರಿಯ ಕೆಳಗೆ ಹಾವಿನ ಹಾಗೆ ಓಡಾಡುತ್ತದೆ. ಅದನ್ನು ಎರಡನೇ ಡ್ರೆಸ್‌ಗೆ ಇಟ್ಟುಕೊಳ್ಳಿ. ದಪ್ಪ ಖಾದಿಯಲ್ಲಿ ನಾಲ್ಕು ಪದರ ಸೇರೋ ಕಡೆ ಬೆರಳು ನೋಯುತ್ತದೆ. ರೇಷ್ಮೆ, ಜಾರ್ಜೆಟ್, ಬನಿಯನ್ ಥರ ಹಿಗ್ಗೋ ಬಟ್ಟೆ ಸದ್ಯಕ್ಕೆ ಬೇಡವೇ ಬೇಡ. ಸಣ್ಣ ಹೂವಿನ ಪ್ರಿಂಟ್ ಇದ್ದರೆ ಹೊಲಿಗೆ ಸ್ವಲ್ಪ ಸೊಟ್ಟಾದರೂ ಕಾಣೋದಿಲ್ಲ. ಉದ್ದ ಗೆರೆ, ಚೌಕುಳಿ ಇದ್ದರೆ ಜೋಡಿಸೋವಾಗ ಅದನ್ನೂ ಕೂಡಿಸಬೇಕಾಗುತ್ತದೆ.

ಬಟ್ಟೆಯ ಅಗಲಕ್ಕೆ ಅಂಗಡಿಯಲ್ಲಿ ಪನ್ನಾ ಅಂತಾರೆ. 44 ಅಥವಾ 45 ಇಂಚು ಪನ್ನಾ ಇರೋದನ್ನು 3 ಮೀಟರ್ ತನ್ನಿ. ಲೆಕ್ಕಕ್ಕೆ ಎರಡೂವರೆ ಸಾಕು ಅನ್ನಿಸುತ್ತದೆ, ಆದರೆ ಹೊಸ ಹತ್ತಿ ಬಟ್ಟೆ ಒಗೆದಾಗ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. ನಾನು ಶಿರಸಿಯ ಸಿ.ಪಿ. ಬಜಾರಿನಲ್ಲಿ ಅರ್ಧ ದಿನ ಅಲೆದು ತಂದ ಕೆಂಪು ಬಟ್ಟೆಯನ್ನು ಒಗೆಯದೇ ಕತ್ತರಿಸಿದ್ದೆ. ಮೊದಲ ಒಗೆತಕ್ಕೇ ಕೆಳಗಿನ ಉದ್ದ ಒಂದು ಇಂಚು ಮೇಲೆ ಹೋಯಿತು.

ಹಾಗಾಗಿ ಮೊದಲ ಕೆಲಸ ಒಗೆಯೋದು. ಬಕೆಟ್ ನೀರಲ್ಲಿ ರಾತ್ರಿ ನೆನೆಹಾಕಿ. ಬಣ್ಣ ಬಿಡುತ್ತದೋ ನೋಡಿ, ಬಿಟ್ಟರೆ ನೀರು ತಿಳಿಯಾಗೋ ತನಕ ಜಾಲಿಸಿ. ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಫ್ಯಾನ್ ಕೆಳಗೆ ಎರಡು ದಿನ ಹರವಿ ಇಡೋದು ಒಳ್ಳೆಯದು. ಒಣಗಿಸೋ ಮೊದಲು ತೆಳು ಅನ್ನದ ಗಂಜಿಯಲ್ಲಿ ಅದ್ದಿ ಹಿಂಡಿ. ಇದು ನನ್ನ ಮೆಚ್ಚಿನ ಉಪಾಯ. ಗಂಜಿ ಹಾಕಿದ ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ, ಮಡಚಿದ ಗೆರೆ ಮಡಚಿದಂತೆ ಉಳಿಯುತ್ತದೆ, ಹೊಸಬರ ಕೈಗೆ ಅರ್ಧ ಕಷ್ಟ ಕಡಿಮೆ. ಅರೆಒಣಗಿದ್ದಾಗಲೇ ಇಸ್ತ್ರಿ ಮಾಡಿ.

ಸೂಜಿ, ದಾರ, ಮೇಣ

ಕೈ ಸೂಜಿಯ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ. ಈ ಬಟ್ಟೆಗೆ 8 ಅಥವಾ 9 ನಂಬರ್ ಸರಿ. ದಾರಕ್ಕೆ ಮಷಿನ್‌ಗೆ ಬಳಸೋ ಮಾಮೂಲಿ ರೀಲೇ ಸಾಕು, ಬಟ್ಟೆ ಬಣ್ಣಕ್ಕಿಂತ ಒಂದು ಛಾಯೆ ಗಾಢ ಇರಲಿ. ಕಚ್ಚಾ ಹೊಲಿಗೆಗೆ, ಅಂದರೆ ಆಮೇಲೆ ಎಳೆದು ತೆಗೆಯೋ ತಾತ್ಕಾಲಿಕ ಹೊಲಿಗೆಗೆ, ಎದ್ದು ಕಾಣೋ ಬೇರೆ ಬಣ್ಣದ ರೀಲು ಒಂದು. ಚೂಪಾದ ಕತ್ತರಿ ಬೇಕು, ಅದರಲ್ಲಿ ಕಾಗದ ಕತ್ತರಿಸಬೇಡಿ. ಟೇಪು, ಮಾರ್ಕಿಂಗ್ ಚಾಕ್, ಗುಂಡುಸೂಜಿ, ಮಧ್ಯದ ಬೆರಳಿಗೆ ಹಾಕೋ ಲೋಹದ ಟೊಪ್ಪಿ. ಟೊಪ್ಪಿ ಮೊದಲ ದಿನ ಅಡ್ಡ ಅಡ್ಡ ಬರುತ್ತದೆ, ಮೂರನೇ ದಿನ ಅದಿಲ್ಲದೆ ಆಗೋದಿಲ್ಲ.

ದಾರ ಸಿಕ್ಕಾಗೋದು ಹೊಸಬರ ದೊಡ್ಡ ದೂರು. ಅದಕ್ಕೆ ಮೂರು ಮದ್ದು. ಒಂದು, ಬೆರಳ ತುದಿಯಿಂದ ಮೊಣಕೈವರೆಗೆ ಎಷ್ಟಿದೆಯೋ ಅಷ್ಟೇ ದಾರ, ಹೆಚ್ಚೆಂದರೆ 18 ಇಂಚು. ಪದೇ ಪದೇ ಪೋಣಿಸಬೇಕಲ್ಲ ಅಂತ ಉದ್ದ ದಾರ ತಗೊಂಡರೆ ಗಂಟು ಬಿಡಿಸೋದರಲ್ಲೇ ಹೊತ್ತು ಹೋಗುತ್ತದೆ. ಎರಡು, ರೀಲಿನಿಂದ ಮೊದಲು ಹೊರಬಂದ ತುದಿಯನ್ನೇ ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಆಗ ದಾರ ತನ್ನ ಹುರಿಯ ದಿಕ್ಕಿಗೇ ಬಟ್ಟೆಯೊಳಗೆ ಹೋಗುತ್ತದೆ. ಮೂರು, ಜೇನುಮೇಣ. ನಮ್ಮ ಕಡೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರ ಮನೆ ಸಿಗೋದು ಕಷ್ಟವಲ್ಲ, ತುಪ್ಪ ತೆಗೆದ ಮೇಲೆ ಉಳಿದ ಮೇಣದ ಒಂದು ನಿಂಬೆಕಾಯಿ ಗಾತ್ರದ ಉಂಡೆ ವರ್ಷಗಟ್ಟಲೆ ಬರುತ್ತದೆ. ದಾರವನ್ನು ಮೇಣದ ಮೇಲೆ ಒತ್ತಿ ಎರಡು ಸಲ ಎಳೆಯಿರಿ. ಆಮೇಲೆ ಹಳೆ ಪೇಪರಿನ ಮಡಿಕೆಯೊಳಗೆ ಇಟ್ಟು ಬಿಸಿ ಇಸ್ತ್ರಿಯ ಕೆಳಗಿಂದ ಎಳೆದರೆ ಮೇಣ ಎಳೆಯೊಳಗೆ ಇಳಿಯುತ್ತದೆ, ಬಟ್ಟೆಗೆ ಅಂಟೋದಿಲ್ಲ.

ಕರಾವಳಿಯವರಿಗೆ ಒಂದು ಮಾತು. ಗುಂಡುಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ರಾತ್ರಿ ಬಿಡಬೇಡಿ. ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಬಟ್ಟೆ ಮೇಲೆ ಕಂದು ಚುಕ್ಕೆ ಕೂರುತ್ತದೆ, ಅದು ಹೋಗೋದು ಬಹಳ ಕಷ್ಟ. ಸೂಜಿಗಳನ್ನು ಗಾಳಿಯಾಡದ ಸಣ್ಣ ಡಬ್ಬಿಯಲ್ಲಿಡಿ.

ಕೈಗೆ ಬರಬೇಕಾದ ಹೊಲಿಗೆಗಳು

ಹಳೆ ಪಂಚೆಯ ತುಂಡಿನ ಮೇಲೆ ಚಾಕಿನಿಂದ ಗೆರೆ ಎಳೆದು ಒಂದು ಸಂಜೆ ಅಭ್ಯಾಸ ಮಾಡಿ.

ರನ್ನಿಂಗ್ ಸ್ಟಿಚ್ ಎಲ್ಲರಿಗೂ ಗೊತ್ತು: ಮೇಲೆ ಕೆಳಗೆ, ಮೇಲೆ ಕೆಳಗೆ. ಇಂಚಿಗೆ 6ರಿಂದ 8 ಹೊಲಿಗೆ. ಇದನ್ನು ಕೀಳಾಗಿ ನೋಡಬೇಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕೌದಿ ನೋಡಿದ್ದೀರಾ? ಹಳೆ ಸೀರೆ, ಅಂಗಿಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂ ಇಡುತ್ತಾರೆ. ಇಡೀ ಕೌದಿಗೆ ಇರೋದು ಬರೀ ರನ್ನಿಂಗ್ ಸ್ಟಿಚ್. ಸಾಲುಗಳು ಒತ್ತೊತ್ತಾಗಿ ಇರೋದರಿಂದ ಎಳೆತ ಎಲ್ಲ ಸಾಲಿಗೂ ಹಂಚಿಹೋಗುತ್ತದೆ. ಡ್ರೆಸ್‌ನ ಜೋಡಣೆಯಲ್ಲಿ ಹಾಗಲ್ಲ, ಇಡೀ ಭಾರ ಒಂದೇ ಸಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಬ್ಯಾಕ್ ಸ್ಟಿಚ್ ಬೇಕಾಗೋದು.

ಬ್ಯಾಕ್ ಸ್ಟಿಚ್ ಹೀಗೆ. ಸೂಜಿಯನ್ನು ಅಡಿಯಿಂದ ಮೇಲಕ್ಕೆ ತನ್ನಿ. ಒಂದು ಹೊಲಿಗೆಯಷ್ಟು ಹಿಂದೆ ಹೋಗಿ ಚುಚ್ಚಿ. ಅಡಿಯಲ್ಲೇ ಎರಡು ಹೊಲಿಗೆಯಷ್ಟು ಮುಂದೆ ಬಂದು ಮೇಲೆ ತೆಗೆಯಿರಿ. ಮತ್ತೆ ಹಿಂದಿನ ಹೊಲಿಗೆ ಮುಗಿದ ತೂತಿಗೇ ವಾಪಸ್. ಮೇಲಿಂದ ನೋಡಿದರೆ ಮಷಿನ್ ಹೊಲಿಗೆ ಥರವೇ ಸಾಲಾಗಿ ಕಾಣುತ್ತದೆ, ಅಡಿಯಲ್ಲಿ ದಾರ ಒಂದರ ಮೇಲೊಂದು ಹಾಯ್ದಿರುತ್ತದೆ. ಇಂಚಿಗೆ 8 ಬಂದರೆ ಸಾಕು, ಕಂಕುಳಲ್ಲಿ 10 ಹಾಕಿ. ದಾರ ಬಿಗಿಯಾಗಿ ಎಳೆದರೆ ಬಟ್ಟೆ ಮುದುಡುತ್ತದೆ. ಪ್ರತಿ ಐದಾರು ಹೊಲಿಗೆಗೊಮ್ಮೆ ಬಟ್ಟೆಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದು ನೋಡಿ, ಸಪಾಟಾಗಬೇಕು.

ಇವೆರಡರ ನಡುವೆ ಒಂದಿದೆ: ನಾಲ್ಕು ರನ್ನಿಂಗ್, ಒಂದು ಬ್ಯಾಕ್, ಮತ್ತೆ ನಾಲ್ಕು ರನ್ನಿಂಗ್. ಉದ್ದದ, ಎಳೆತ ಕಡಿಮೆ ಇರೋ ಜೋಡಣೆಗೆ ಇದು ಬೇಗ ಆಗುತ್ತದೆ, ಬಿಚ್ಚಿಕೊಳ್ಳೋದೂ ಇಲ್ಲ. ಹೆಮ್ಮಿಂಗ್ ವಿಷಯ ಕೊನೆಯಲ್ಲಿ ಬರುತ್ತದೆ.

ಅಳತೆ ಮತ್ತು ಪೇಪರ್ ಕಟಿಂಗ್

ಬೇಕಾಗೋ ಅಳತೆ ನಾಲ್ಕು: ಎದೆಯ ಸುತ್ತಳತೆ, ಕತ್ತಿನ ಬುಡದಿಂದ ಭುಜದ ಮೇಲೆ ಹಾದು ಸೊಂಟದವರೆಗಿನ ಉದ್ದ, ಸೊಂಟದಿಂದ ಮೊಳಕಾಲಿನ ಕೆಳಗಿನವರೆಗೆ, ತೋಳಿನ ಸುತ್ತಳತೆ. ನಾನು 36 ಇಂಚು ಎದೆಗೆ ಲೆಕ್ಕ ಹೇಳುತ್ತೇನೆ, ನಿಮ್ಮದಕ್ಕೆ ಬದಲಿಸಿಕೊಳ್ಳಿ.

36ಕ್ಕೆ ಸಡಿಲ 4 ಸೇರಿಸಿ, 40. ಅದರ ಕಾಲು ಭಾಗ 10. ಹೊಲಿಗೆಗೆ 1 ಇಂಚು ಬಿಟ್ಟರೆ 11. ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ 13 ಇಂಚು ಅಗಲ, 16 ಇಂಚು ಉದ್ದದ ಆಯತ ಮಾಡಿ. ಎಡಗಡೆಯ ಅಂಚು ಬಟ್ಟೆಯ ಮಡಿಕೆಗೆ ಬರುತ್ತದೆ. ಎಡಮೇಲಿನ ಮೂಲೆಯಿಂದ ಬಲಕ್ಕೆ 2¾ ಇಂಚು ಕುತ್ತಿಗೆ ಅಂತ ಗುರುತು ಹಾಕಿ. ಬಲ ಅಂಚಿನಲ್ಲಿ ಮೇಲಿಂದ 1½ ಇಂಚು ಇಳಿಸಿ ಇನ್ನೊಂದು ಗುರುತು. ಇವೆರಡನ್ನೂ ಸೇರಿಸಿದರೆ ಭುಜದ ಇಳಿಜಾರು. ಬಲ ಅಂಚಿನಲ್ಲೇ ಇನ್ನೂ 8 ಇಂಚು ಕೆಳಗೆ, ಅಂದರೆ ಮೇಲಿಂದ 9½ಕ್ಕೆ, ತೋಳಿನ ಬಾಯಿ ಮುಗಿಯುತ್ತದೆ. ಎಡದಿಂದ 11 ಇಂಚು ದೂರದಲ್ಲಿ, ಮೇಲಿಂದ 11 ಇಂಚು ಕೆಳಗೆ ಕಂಕುಳ ಗುರುತು. ತೋಳಿನ ಬಾಯಿಯಿಂದ ಕಂಕುಳಿಗೆ ಮೆದುವಾದ ಬಾಗು ಎಳೆದು, ಅಲ್ಲಿಂದ ನೇರ ಕೆಳಕ್ಕೆ ಇಳಿಸಿ. ಮುಂದಿನ ಭಾಗಕ್ಕೆ ಕುತ್ತಿಗೆ ಆಳ 5¾ ಇಂಚು, ಹಿಂದಕ್ಕೆ 3¾. ಹೊಲಿದ ಮೇಲೂ ತಲೆ ಆರಾಮಾಗಿ ಹಿಡಿಸುತ್ತದೆ. ಕುತ್ತಿಗೆ ಚಿಕ್ಕದಾಗಿ ಕತ್ತರಿಸಿದರೆ ಆಮೇಲೆ ದೊಡ್ಡದು ಮಾಡಬಹುದು. ದೊಡ್ಡದಾಗಿ ಹೋದರೆ ಸರಿಮಾಡೋಕೆ ದಾರಿಯಿಲ್ಲ.

ಹೊಸ ಬಟ್ಟೆಗೆ ಕತ್ತರಿ ಹಾಕೋ ಮೊದಲು ಇದೇ ಪೇಪರ್ ಇಟ್ಟು ಹಳೆ ಪಂಚೆಯಲ್ಲಿ ಮೇಲಿನ ಭಾಗ ಮಾತ್ರ ಕತ್ತರಿಸಿ, ಉದ್ದುದ್ದ ಹೊಲಿಗೆ ಹಾಕಿ ಹಾಕಿಕೊಂಡು ನೋಡಿ. ಒಂದು ತಾಸಿನ ಕೆಲಸ. ಕೈ ಮೇಲೆತ್ತಿ, ಮುಂದೆ ಚಾಚಿ. ಕಂಕುಳಲ್ಲಿ ಹಿಡಿದಂತಾದರೆ ಪೇಪರಿನಲ್ಲೇ ಅರ್ಧ ಇಂಚು ಕೆಳಗೆ ಇಳಿಸಿ.

ಕತ್ತರಿಸೋದು

ಬಟ್ಟೆಯ ಎರಡೂ ಬದಿಗೆ ನೇಯ್ದ ಗಟ್ಟಿ ಅಂಚು ಇರುತ್ತದಲ್ಲ, ಉದ್ದಕ್ಕಿರೋ ಹಾಸು ಎಳೆಗಳು ಅದಕ್ಕೆ ಸಮಾನಾಂತರವಾಗಿ ಓಡುತ್ತವೆ. ಡ್ರೆಸ್‌ನ ಉದ್ದ ಯಾವಾಗಲೂ ಹಾಸಿನ ಉದ್ದಕ್ಕೇ ಬರಲಿ. ಅಡ್ಡಕ್ಕೆ ಕತ್ತರಿಸೋವಾಗ ಅಡ್ಡಕ್ಕಿರೋ ಒಂದು ಹೊಕ್ಕು ಎಳೆಯನ್ನು ಮೆಲ್ಲಗೆ ಎಳೆದು ತೆಗೆಯಿರಿ. ಅದು ಹೋದ ಜಾಗದಲ್ಲಿ ಸಣ್ಣ ಗೆರೆ ಕಾಣುತ್ತದೆ, ಆ ಗೆರೆ ಮೇಲೇ ಕತ್ತರಿಸಿದರೆ ಸ್ಕೇಲ್ ಇಲ್ಲದೆ ನೇರ ಬರುತ್ತದೆ.

ಮೊದಲು ಕೆಳಭಾಗದ ಎರಡು ತುಂಡು: ಪೂರ್ತಿ ಪನ್ನಾ ಅಗಲ, 30 ಇಂಚು ಉದ್ದ. ಪನ್ನಾವನ್ನು ಕತ್ತರಿಸದೇ ಇಡೋದಕ್ಕೆ ಕಾರಣವಿದೆ. ಎರಡು ಬದಿಯ ಜೋಡಣೆಯೂ ನೇಯ್ದ ಅಂಚಿಗೇ ಬರುತ್ತದೆ. ಆ ಅಂಚು ಎಳೆ ಬಿಡೋದಿಲ್ಲ, ಒಳಗೆ ಮಡಚಿ ಹೊಲಿಯೋ ಕೆಲಸವೇ ಇಲ್ಲ. ಸುಮಾರು 5 ಅಡಿ ಹೊಲಿಗೆ ಉಳಿಯಿತು.

ಉಳಿದ ಬಟ್ಟೆಯ ಒಂದು ಬದಿಯಲ್ಲಿ 26 ಇಂಚು ಅಗಲವನ್ನು ಉದ್ದಕ್ಕೆ ಮಡಚಿ, ಮಡಿಕೆಗೆ ಪೇಪರಿನ ಎಡ ಅಂಚು ಕೂಡಿಸಿ ಮುಂಭಾಗ ಕತ್ತರಿಸಿ. ಅದರ ಕೆಳಗೇ ಹಿಂಭಾಗ. ಪಕ್ಕದಲ್ಲಿ ಸುಮಾರು 18 ಇಂಚು ಅಗಲದ ಪಟ್ಟಿ ಉಳಿಯುತ್ತದೆ. ಅದರಿಂದ 2½ ಇಂಚು ಅಗಲ, 30 ಇಂಚು ಉದ್ದದ ಎರಡು ಕಟ್ಟೋ ಪಟ್ಟಿ, 7 ಇಂಚು ಅಗಲ 8 ಇಂಚು ಉದ್ದದ ಒಂದು ಜೇಬು. ಮಿಕ್ಕಿದ್ದರಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ 1¼ ಇಂಚು ಅಗಲದ ಕ್ರಾಸ್ ಪಟ್ಟಿಗಳು. ಓರೆಯಾಗಿ ಕತ್ತರಿಸಿದ್ದರಿಂದ ಇವು ಸ್ವಲ್ಪ ಹಿಗ್ಗುತ್ತವೆ, ಕುತ್ತಿಗೆಯ ಬಾಗಿಗೆ ಸುಕ್ಕಿಲ್ಲದೆ ಕೂರುತ್ತವೆ.

ಕಚ್ಚಾ ಹೊಲಿಗೆ ಬಿಡಬೇಡಿ

ಹೊಲಿಗೆ ಗೆರೆಗಳನ್ನು ಚಾಕಿನಿಂದ ಒಳಮೈಗೆ ಎಳೆದುಕೊಳ್ಳಿ. ಎರಡು ತುಂಡುಗಳ ಹೊರಮೈ ಒಳಮುಖವಾಗಿ ಇಟ್ಟು, ಬೇರೆ ಬಣ್ಣದ ದಾರದಲ್ಲಿ ಅರ್ಧರ್ಧ ಇಂಚಿನ ಹೊಲಿಗೆ ಹಾಕಿ. ಗಂಟು ಬೇಡ, ಕೊನೆಗೆ ಎಳೆದು ತೆಗೆಯೋದೇ. ಈ ಕೆಲಸಕ್ಕೆ ಮೇಜೋ ಜಗುಲಿಯೋ, ಸಪಾಟಾದ ಜಾಗ ಬೇಕು. ತೊಡೆ ಮೇಲಿಟ್ಟು ಕಚ್ಚಾ ಹಾಕಿದರೆ ಕೆಳಗಿನ ಪದರ ಸರಿದುಬಿಡುತ್ತದೆ. ಒಮ್ಮೆ ಕಚ್ಚಾ ಆದ ಮೇಲೆ ಎಲ್ಲಿ ಬೇಕಾದರೂ ಕೂತು ಹೊಲಿಯಬಹುದು.

ಭುಜ, ಬದಿ ಎರಡಕ್ಕೂ ಕಚ್ಚಾ ಹಾಕಿ ಒಮ್ಮೆ ಹಾಕಿಕೊಂಡು ನೋಡಿ. ಬಿಗಿಯಾದರೆ ಬದಿಯಲ್ಲಿ ಬಿಟ್ಟ ಒಂದು ಇಂಚಿನಿಂದ ಬಿಡಿಸಿಕೊಳ್ಳಿ. ಸರಿ ಅನ್ನಿಸಿದ ಮೇಲೆ ಬದಿಯ ಕಚ್ಚಾ ತೆಗೆದು, ಭುಜದಿಂದ ಪಕ್ಕಾ ಹೊಲಿಗೆ ಶುರುಮಾಡಿ.

ಭುಜ ಮತ್ತು ಕುತ್ತಿಗೆ

ಭುಜಕ್ಕೆ ಅರ್ಧ ಇಂಚು ಒಳಗೆ ಬ್ಯಾಕ್ ಸ್ಟಿಚ್. ಇಡೀ ಡ್ರೆಸ್ ಜೋತಾಡೋದು ಇದರಿಂದಲೇ, ಹಾಗಾಗಿ ಇಲ್ಲಿ ರನ್ನಿಂಗ್ ಬೇಡ. ಮುಗಿದ ಮೇಲೆ ಉಳಿದ ಎರಡು ಅಂಚನ್ನೂ ಸೇರಿಸಿ, ದಾರ ಅಂಚಿನ ಮೇಲಿಂದ ಸುತ್ತಿ ಸುತ್ತಿ ಬರೋ ಹಾಗೆ ಓರೆ ಹೊಲಿಗೆ ಹಾಕಿ. ಎಳೆ ಬಿಡೋದು ನಿಲ್ಲುತ್ತದೆ.

ಕುತ್ತಿಗೆಯನ್ನು ಬದಿ ಹೊಲಿಯೋ ಮೊದಲೇ ಮುಗಿಸಿ, ಬಟ್ಟೆ ಹರವಿ ಇಡೋಕೆ ಆಗುತ್ತದೆ. ಕ್ರಾಸ್ ಪಟ್ಟಿಗಳನ್ನು ಜೋಡಿಸಿ 28 ಇಂಚು ಮಾಡಿ. ಹೊರಮೈಗೆ ಹೊರಮೈ ಇಟ್ಟು, ಭುಜದ ಹತ್ತಿರ ಹಿಂದಿನಿಂದ ಶುರುಮಾಡಿ ಕಾಲು ಇಂಚು ಒಳಗೆ ಕಚ್ಚಾ, ಆಮೇಲೆ ಬ್ಯಾಕ್ ಸ್ಟಿಚ್. ಬಾಗಿನಲ್ಲಿ ಪಟ್ಟಿಯನ್ನು ಒಂಚೂರು ಎಳೆದು ಹಿಡಿಯಿರಿ, ಇಲ್ಲದಿದ್ದರೆ ಕುತ್ತಿಗೆ ಎದೆಯಿಂದ ಬಿಟ್ಟುಕೊಂಡು ನಿಲ್ಲುತ್ತದೆ. ಬಾಗಿರೋ ಕಡೆ ಅಂಚಿಗೆ ಕತ್ತರಿ ತುದಿಯಿಂದ ಅಲ್ಲಲ್ಲಿ ಸಣ್ಣ ಕಚ್ಚು ಕೊಡಿ, ಹೊಲಿಗೆಗೆ ತಾಗಬಾರದು. ಪಟ್ಟಿಯನ್ನು ಪೂರ್ತಿ ಒಳಗೆ ತಿರುಗಿಸಿ, ಉಗುರಿನಿಂದ ಒತ್ತಿ, ತುದಿ ಮಡಚಿ ಹೆಮ್ಮಿಂಗ್ ಮಾಡಿ. ಇಸ್ತ್ರಿ ಹಾಕಿದ ಮೇಲೆ ಅಂಗಡಿಯ ಕುತ್ತಿಗೆಗಿಂತ ಚೆನ್ನಾಗಿ ಕೂರುತ್ತದೆ.

ಕಂಕುಳು

ಇಲ್ಲಿಗೆ ಬರೋವಾಗ ದಣಿದಿರಬಾರದು. ಬೆಳಗಿನ ಹೊತ್ತು, ಕಿಟಕಿ ಬೆಳಕಿನಲ್ಲಿ ಕೂತುಕೊಳ್ಳಿ.

ಕಟ್ಟೋ ಪಟ್ಟಿಗಳನ್ನು ಮೊದಲೇ ಮಡಚಿ ಹೊಲಿದು ಇಟ್ಟುಕೊಂಡಿರಿ. ಸೊಂಟದಿಂದ ಒಂದು ಇಂಚು ಮೇಲೆ, ಬದಿಯ ಎರಡು ಪದರದ ನಡುವೆ ಅವುಗಳ ತುದಿ ಸೇರಿಸಿ ಕಚ್ಚಾ ಹಾಕಿ. ತೋಳಿನ ಬಾಯಿಯಿಂದ ಸೊಂಟದವರೆಗೆ ಒಂದೇ ಗೆರೆ, ತೋಳಿನಲ್ಲಿ ಅರ್ಧ ಇಂಚು ಒಳಗೆ ಇದ್ದದ್ದು ಬಾಗಿನಲ್ಲಿ ಮೆಲ್ಲಗೆ ಸರಿದು ಬದಿಯಲ್ಲಿ ಒಂದು ಇಂಚು ಒಳಗೆ ಬರುತ್ತದೆ.

ಕಂಕುಳ ಬಾಗಿನ ಮೇಲೆ, ಅದೇ ಬಟ್ಟೆಯ ಕ್ರಾಸ್ ಪಟ್ಟಿಯ 5 ಇಂಚು ತುಂಡು ಇಟ್ಟು ಮೂರು ಪದರ ಸೇರಿಸಿ ಹೊಲಿಯಿರಿ. ಇಂಚಿಗೆ 10 ಬ್ಯಾಕ್ ಸ್ಟಿಚ್. ಬಾಗು ದಾಟಿದ ಮೇಲೆ ವಾಪಸ್ ಬಂದು, ಅದೇ ಗೆರೆಯ ಒಂದು ಎಳೆ ಪಕ್ಕದಲ್ಲಿ ಎರಡನೇ ಸಾಲು ಹಾಕಿ, ಬಾಗಿನ ಎರಡೂ ಕಡೆ 2 ಇಂಚು. ದಾರ ಮುಗಿದರೆ ಬಾಗಿನ ನಡುವೆ ಗಂಟು ಬೇಡ. ಸ್ವಲ್ಪ ಮೊದಲೇ ನಿಲ್ಲಿಸಿ ಹೊಸ ದಾರ ತಗೊಳ್ಳಿ. ಆಮೇಲೆ ಬಾಗಿನಲ್ಲಿ ಅಂಚನ್ನು ಅರ್ಧ ಇಂಚಿಗೆ ಕತ್ತರಿಸಿ, ಮೂರು ನಾಲ್ಕು ಕಡೆ ಕಚ್ಚು ಕೊಡಿ. ಕಚ್ಚು ಕೊಡದಿದ್ದರೆ ಒಳಗಿನ ಬಟ್ಟೆ ಗುಪ್ಪೆಯಾಗಿ ಎಳೆಯುತ್ತದೆ. ಹೊಲಿಗೆಗೆ ಕತ್ತರಿ ತಾಗಿದರೆ ಮಾಡಿದ್ದೆಲ್ಲ ಹೋಯಿತು. ಅಂಚಿಗೆ ಓರೆ ಹೊಲಿಗೆ ಸುತ್ತಿ.

ನನ್ನ ಹಾಗೆ ಈಗಾಗಲೇ ಹರಿದಿದ್ದರೆ? 3 ಇಂಚಿನ ಚೌಕ ತುಂಡನ್ನು ಮೂಲೆ ಮೇಲೆ ಕೆಳಗೆ ಬರೋ ಹಾಗೆ ಕಂಕುಳಲ್ಲಿ ಇಟ್ಟು, ಅಂಚು ಮಡಚಿ ನಾಲ್ಕೂ ಕಡೆ ಹೊಲಿಯಿರಿ. ಕೈ ಎತ್ತಿದಾಗ ಎಳೆತ ಆ ಚೌಕಕ್ಕೆ ಹೋಗುತ್ತದೆ. ಅಮ್ಮಮ್ಮ ಅವತ್ತು ನನ್ನ ಡ್ರೆಸ್‌ಗೆ ಹಾಕಿಕೊಟ್ಟಿದ್ದೂ ಇದನ್ನೇ.

ತೋಳಿನ ಬಾಯಿಗೆ ಕಾಲು ಇಂಚು, ಮತ್ತೆ ಮುಕ್ಕಾಲು ಇಂಚು ಮಡಚಿ ಹೆಮ್ಮಿಂಗ್.

ನೆರಿಗೆ ಮತ್ತು ಸೊಂಟ

ಕೆಳಭಾಗದ ಎರಡು ತುಂಡುಗಳ ಬದಿಗಳನ್ನು ನೇಯ್ದ ಅಂಚಿನಲ್ಲಿ, ಅರ್ಧ ಇಂಚು ಒಳಗೆ, ನಾಲ್ಕು ರನ್ನಿಂಗ್ ಒಂದು ಬ್ಯಾಕ್ ಲೆಕ್ಕದಲ್ಲಿ ಜೋಡಿಸಿ. ಇದು ಒಂದೇ ಸಂಜೆಯ ಕೆಲಸ. ಜೇಬು ಈಗಲೇ ಹಚ್ಚಿಬಿಡಿ. ಅದರ ಮೇಲಿನ ಎರಡು ಮೂಲೆಗೆ ಬ್ಯಾಕ್ ಸ್ಟಿಚ್ ಎರಡೆರಡು ಸಲ, ಕೈ ಹಾಕಿದಾಗ ಕೀಳೋದು ಅಲ್ಲೇ.

ಈಗ ಮೇಲಿನ ಅಂಚು ಒಂದೊಂದು ಕಡೆಯೂ ಸುಮಾರು 43 ಇಂಚು ಇದೆ, ಅದು 20 ಆಗಬೇಕು. ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಒಂದು, ಬೇರೆ ಬೇರೆಯಾಗಿ ನೆರಿಗೆ ಎಳೆಯಿರಿ. ಎರಡೆಳೆ ದಾರಕ್ಕೆ ಗಟ್ಟಿ ಗಂಟು ಹಾಕಿ, ಅಂಚಿನಿಂದ ಕಾಲು ಇಂಚಿಗೆ ಒಂದು ಸಾಲು, ಮುಕ್ಕಾಲು ಇಂಚಿಗೆ ಇನ್ನೊಂದು ಸಾಲು ರನ್ನಿಂಗ್ ಹಾಕಿ. ಇಲ್ಲಿ ಮಾತ್ರ 18 ಇಂಚಿನ ನಿಯಮ ಇಲ್ಲ, ದಾರ ಪೂರ್ತಿ ಉದ್ದಕ್ಕೆ ಒಂದೇ ಇರಬೇಕು. ಎರಡು ಸಾಲಿನ ಹೊಲಿಗೆಗಳೂ ಒಂದರ ಕೆಳಗೆ ಒಂದು ಬಂದರೆ ನೆರಿಗೆ ಚೆಂದ ಬೀಳುತ್ತದೆ.

ಮೊದಲ ಸಲ ನಾನು ಗುರುತು ಹಾಕದೇ ನೆರಿಗೆ ಎಳೆದಿದ್ದೆ. ಹೊಲಿದು ಮುಗಿಸಿ ನೋಡಿದರೆ ಬಲಗಡೆ ಗೊಂಚಲು, ಎಡಗಡೆ ಬೋಳು. ರಾತ್ರಿ 11 ಗಂಟೆಗೆ, ಕರೆಂಟ್ ಹೋಗಿ ಮೊಬೈಲ್ ಬೆಳಕಿನಲ್ಲಿ, 40 ಇಂಚು ಬ್ಯಾಕ್ ಸ್ಟಿಚ್ ಒಂದೊಂದೇ ಬಿಚ್ಚಿದೆ. ಆದ್ದರಿಂದ ಮೇಲಿನ ಭಾಗದ ಸೊಂಟವನ್ನೂ, ಕೆಳಭಾಗದ ಅಂಚನ್ನೂ ಎಂಟು ಸಮ ಭಾಗ ಮಾಡಿ ಚಾಕಿನಿಂದ ಗುರುತು ಹಾಕಿ. ಗುರುತಿಗೆ ಗುರುತು ಕೂಡಿಸಿ ಪಿನ್ ಚುಚ್ಚಿ. ಆಮೇಲೆ ದಾರದ ತುದಿ ಎಳೆಯುತ್ತಾ ಬನ್ನಿ. ಸರಿಯಾದ ಅಳತೆಗೆ ಬಂದಾಗ ದಾರವನ್ನು ಪಿನ್ನಿಗೆ ಎಂಟರ ಆಕಾರದಲ್ಲಿ ಸುತ್ತಿ ನಿಲ್ಲಿಸಿ. ಎರಡು ಗುರುತಿನ ನಡುವಿನ ನೆರಿಗೆಗಳನ್ನು ಸೂಜಿಯ ಹಿಂಬದಿಯಿಂದ ಒಂದೊಂದಾಗಿ ಸರಿಸಿ ಹಂಚಿ.

ಕಚ್ಚಾ ಹಾಕಿ, ನೆರಿಗೆ ಕಡೆ ನಿಮಗೆ ಕಾಣೋ ಹಾಗೆ ಹಿಡಿದು, ಎರಡು ಸಾಲಿನ ನಡುವೆ ಅರ್ಧ ಇಂಚಿಗೆ ಬ್ಯಾಕ್ ಸ್ಟಿಚ್ ಹಾಕಿ. ಪ್ರತಿ ನೆರಿಗೆಯೂ ಒಂದು ಹೊಲಿಗೆಯೊಳಗೆ ಸಿಗಬೇಕು. ಕೆಳಭಾಗದ ಭಾರವೆಲ್ಲ ಈ ಗೆರೆ ಮೇಲೆ ನಿಲ್ಲುತ್ತದೆ, ಒದ್ದೆಯಾದಾಗ ಇನ್ನೂ ಜಾಸ್ತಿ. ಇದಕ್ಕೆ ನನಗೆ ಎರಡು ದಿನ ಬೇಕಾಯಿತು. ಮುಗಿದ ಮೇಲೆ ಕೆಳಗಿನ ನೆರಿಗೆ ದಾರ ಎಳೆದು ತೆಗೆಯಿರಿ, ಅಂಚಿಗೆ ಓರೆ ಹೊಲಿಗೆ ಸುತ್ತಿ, ಅಂಚನ್ನು ಮೇಲ್ಮುಖವಾಗಿ ಇಸ್ತ್ರಿ ಮಾಡಿ.

ಕೆಳ ಅಂಚು

ಡ್ರೆಸ್ ಹಾಕಿಕೊಂಡು ನೆಟ್ಟಗೆ ನಿಂತು, ಯಾರಾದರೂ ನೆಲದಿಂದ ಮೇಲಕ್ಕೆ ಅಳೆದು ಸುತ್ತಲೂ ಚಾಕ್ ಗುರುತು ಹಾಕಿಕೊಡಲಿ. ಸೊಂಟದಿಂದ ಕೆಳಕ್ಕೆ ಅಳೆದರೆ ಹಿಂದೆ ಮೇಲಾಗಿ, ಮುಂದೆ ಕೆಳಗಾಗಿ ಕಾಣುತ್ತದೆ. ಅರ್ಧ ಇಂಚು, ಮತ್ತೆ ಒಂದೂವರೆ ಇಂಚು ಮಡಚಿ ಇಸ್ತ್ರಿ ಮಾಡಿ ಕಚ್ಚಾ ಹಾಕಿ.

ಹೆಮ್ಮಿಂಗ್‌ನಲ್ಲಿ ಸೂಜಿ ಹೊರಗಿನ ಬಟ್ಟೆಯಿಂದ ಒಂದೋ ಎರಡೋ ಎಳೆ ಮಾತ್ರ ಎತ್ತಬೇಕು, ಆಮೇಲೆ ಮಡಿಕೆಯೊಳಗೆ ಓರೆಯಾಗಿ ಹೋಗಬೇಕು. ಇಂಚಿಗೆ 4 ಸಾಕು. ದಾರ ಸಡಿಲವೇ ಇರಲಿ, ಬಿಗಿದರೆ ಹೊರಗೆ ಗುಳಿ ಕಾಣುತ್ತದೆ. ಇಲ್ಲಿ ಸಣ್ಣ ಹೊಲಿಗೆಗೆ ನಾಲ್ಕು ಸಂಜೆ ಕೊಡಬೇಕಾಗಿಲ್ಲ, ಒಂದೂವರೆ ಸಂಜೆ ಸಾಕು. ಆದರೆ ಪ್ರತಿ 10 ಹೊಲಿಗೆಗೊಮ್ಮೆ ಮಡಿಕೆಯಲ್ಲೇ ಒಂದು ಬ್ಯಾಕ್ ಸ್ಟಿಚ್ ಹಾಕಿ. ಬಸ್ ಹತ್ತುವಾಗ ಕಾಲ್ಬೆರಳು ಸಿಕ್ಕಿ ದಾರ ಕಡಿದರೆ ಮೂರು ಇಂಚು ಬಿಚ್ಚುತ್ತದೆ, ಇಡೀ ಸುತ್ತು ಬಿಚ್ಚೋದಿಲ್ಲ.

ಹಾಕಿಕೊಳ್ಳೋ ಮೊದಲು

ಕಚ್ಚಾ ದಾರಗಳನ್ನೆಲ್ಲ ತೆಗೆಯಿರಿ. ಗಂಜಿ ಹೋಗೋ ಹಾಗೆ ತಣ್ಣೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಗಂಜಿಗೆ ಬೂಷ್ಟು ಬರುತ್ತದೆ, ಜಿರಳೆಯೂ ಕಚ್ಚುತ್ತದೆ. ಕಲ್ಲಿಗೆ ಬಡಿಯಬೇಡಿ, ಕೈಯಲ್ಲೇ ಹಿಸುಕಿ, ಒಳಮೈ ಹೊರಗೆ ತಿರುಗಿಸಿ ನೆರಳಲ್ಲಿ ಒಣಗಿಸಿ. ಪ್ರತಿ ಜೋಡಣೆಯ ಗೆರೆ ಮೇಲೂ ಒಮ್ಮೆ ಇಸ್ತ್ರಿ ಓಡಿಸಿ, ಹೊಲಿಗೆ ಬಟ್ಟೆಯೊಳಗೆ ಕೂತು ಸಮವಾಗುತ್ತದೆ.

ನಾನು ನನ್ನ ಎರಡನೇ ಡ್ರೆಸ್ ಹಾಕಿಕೊಂಡು ಮೊದಲು ಹೋಗಿದ್ದು ಕಾರವಾರದ ಭಾನುವಾರದ ಸಂತೆಗೆ. ಎರಡು ಕೈಚೀಲ ತುಂಬಾ ತರಕಾರಿ, ಜೇಬಲ್ಲಿ ಚಿಲ್ಲರೆ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತು ಮನೆಗೆ ಬಂದೆ. ಬಂದ ಕೂಡಲೇ ಡ್ರೆಸ್ ತಿರುಗಿಸಿ ಎರಡೂ ಕಂಕುಳು, ಜೇಬಿನ ಮೂಲೆ, ಕಟ್ಟೋ ಪಟ್ಟಿಯ ಬುಡ ಬೆಳಕಿಗೆ ಹಿಡಿದು ನೋಡಿದೆ. ನೀವೂ ಮೊದಲ ದಿನ ಹಾಗೇ ನೋಡಿ. ಎಲ್ಲಾದರೂ ಹೊಲಿಗೆಯ ನಡುವೆ ಬೆಳಕು ತೂರಿ ಬಂದರೆ, ಅವತ್ತೇ ಅಲ್ಲಿ ಇನ್ನೊಂದು ಸಾಲು ಹಾಕಿಬಿಡಿ.